ಎರಡು ಕಂಪ್ಯೂಟರು, ಒಂದು ತಂತಿ



ಮನೆಯ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರು ಇದೆ. ಅದರ ಮೇಲೆ ಹಳೇ ಸೀರೆಯ ತುಂಡು ಹೊದಿಸಿದ್ದಾರೆ. ಯಾರೂ ಅದನ್ನು ಮುಟ್ಟುವುದಿಲ್ಲ. ಇಂಥ ಕಂಪ್ಯೂಟರುಗಳನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. "ಗುಜರಿಗೆ ಹಾಕಿಬಿಡಿ, ಜಾಗವಾದರೂ ಖಾಲಿ ಆಗ್ತದೆ" ಅಂತ ಮನೆಯಲ್ಲಿ ಯಾರಾದರೂ ಹೇಳುತ್ತಾರೆ.

ಸ್ವಲ್ಪ ತಡೆಯಿರಿ. ಅದರ ಒಳಗೆ ಏನಿದೆ ಅಂತ ನೋಡಿದಿರಾ?

ನಾವು ಕಂಡ ಒಂದು ಸಂಘದ ಮಾತು ಹೇಳುತ್ತೇವೆ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಸಂಘಗಳು 2000ನೇ ಇಸವಿಯಲ್ಲಿ ಶುರುವಾದವು. ಈ ಸಂಘ ಕಟ್ಟಿದ್ದು ಅದರ ಮುಂದಿನ ವರ್ಷಗಳಲ್ಲಿ. ವಾರ ವಾರ ಉಳಿತಾಯ, ಸಾಲ, ಕಂತು, ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಲೆಕ್ಕ ಬರೆಯುವ ಅಕ್ಕನ ಮಗಳು ಅದನ್ನೇ ಮನೆಯ ಕಂಪ್ಯೂಟರಿನಲ್ಲೂ ಬರೆದು ಇಡುತ್ತಿದ್ದಳು. ಒಂದು ಮಳೆಗಾಲ ಮನೆ ಸೋರಿತು. ಪೆಟ್ಟಿಗೆಯಲ್ಲಿದ್ದ ಪುಸ್ತಕಗಳು ನೆನೆದು ಮುದ್ದೆಯಾದವು. ಬಹಳ ವರ್ಷ ಕಳೆದ ಮೇಲೆ ಉಳಿತಾಯದ ಹಣ ಹಂಚುವ ದಿನ ಬಂತು. ಒಬ್ಬ ಸದಸ್ಯೆಗೆ, "ನೀವು 2004ರಲ್ಲಿ ತಗೊಂಡ ಸಾಲದಲ್ಲಿ ಎರಡು ಕಂತು ಬಾಕಿ ಇದೆ" ಅಂದರು. "ಇಲ್ಲ, ನಾನು ಕೈಯಾರೆ ಕಟ್ಟಿದ್ದೇನೆ" ಅಂದರು ಆಕೆ. ಪುಸ್ತಕ ಇಲ್ಲ. ಇದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ.

ಅದು ಇನ್ನೂ ಚಾಲೂ ಆಗುತ್ತಿತ್ತು. ಆದರೆ ಅದರಿಂದ ಲೆಕ್ಕವನ್ನು ಹೊರಗೆ ತರುವುದು ಹೇಗೆ? ಪೆನ್ ಡ್ರೈವ್ ಹಾಕಲು ಅದಕ್ಕೆ ಜಾಗವೇ ಇಲ್ಲ. ಇಂಟರ್ನೆಟ್ ಇಲ್ಲ. ಫ್ಲಾಪಿ ಅನ್ನುವ ಚೌಕದ ಬಿಲ್ಲೆ ಹಾಕುವ ಬಾಯಿ ಇದೆ, ಅದು ಧೂಳು ಕುಡಿದು ಕೆಟ್ಟಿದೆ. ಬಿಲ್ಲೆಗಳಿಗೂ ಬೂಸ್ಟು ಹಿಡಿದಿದೆ.

ಇಂಥ ಹೊತ್ತಿನಲ್ಲಿ ಕೈ ಹಿಡಿಯುವುದು ಒಂದು ತಂತಿ. ಅದರ ಕೆಲಸ ಹೇಗೆ ಅಂತ ನೋಡೋಣ ಬನ್ನಿ.

ಎಂಟು ಹಣತೆ

ಕಂಪ್ಯೂಟರಿನಲ್ಲಿ ಬರೆದು ಇಟ್ಟದ್ದಕ್ಕೆ ಫೈಲು ಅಂತಾರೆ. ಆಫೀಸಿನಲ್ಲಿ ಕಡತ ಅಂತಾರಲ್ಲ, ಅದೇ. ಆದರೆ ಅದರೊಳಗೆ ಕಾಗದ ಇಲ್ಲ, ಶಾಯಿ ಇಲ್ಲ. ಮತ್ತೆ ಅಕ್ಷರ ಎಲ್ಲಿ ಕೂತಿರುತ್ತದೆ?

ಎಂಟು ಹಣತೆಗಳನ್ನು ಸಾಲಾಗಿ ಇಡಿ. ಕೆಲವನ್ನು ಹಚ್ಚಿ, ಕೆಲವನ್ನು ಹಚ್ಚಬೇಡಿ. ಎರಡನೆಯದು ಮತ್ತು ಎಂಟನೆಯದು ಮಾತ್ರ ಉರಿಯುತ್ತಿದ್ದರೆ ಅದು ಇಂಗ್ಲಿಷಿನ ದೊಡ್ಡ 'ಎ' ಅಕ್ಷರ. ಹೀಗೆ ಬೇರೆ ಬೇರೆ ರೀತಿ ಹಚ್ಚಿದರೆ ಎಂಟೇ ಹಣತೆಯಲ್ಲಿ 256 ಗುರುತು ಮಾಡಬಹುದು. ಕಂಪ್ಯೂಟರಿಗೆ ಗೊತ್ತಿರುವುದು ಇಷ್ಟೇ. ಉರಿಯುತ್ತಿದೆ, ಉರಿಯುತ್ತಿಲ್ಲ. ಒಂದೊಂದು ಹಣತೆಗೆ ಬಿಟ್ ಅಂತ ಹೆಸರು. ಎಂಟು ಸೇರಿದರೆ ಒಂದು ಬೈಟ್.

ತಂತಿಯಲ್ಲಿ ಎಂಟನ್ನೂ ಒಟ್ಟಿಗೆ ಕಳಿಸಲು ಆಗುವುದಿಲ್ಲ. ಒಂದರ ಹಿಂದೆ ಒಂದು ಹೋಗಬೇಕು, ಕಿರಿದಾದ ಗದ್ದೆ ಬದುವಿನ ಮೇಲೆ ನಾವು ನಡೆದ ಹಾಗೆ. "ಇನ್ನು ಶುರು" ಅಂತ ಮುಂದೆ ಒಂದು ಗುರುತು. "ಮುಗಿಯಿತು" ಅಂತ ಹಿಂದೆ ಒಂದು ಗುರುತು. ಅಲ್ಲಿಗೆ ಒಂದು ಬೈಟಿಗೆ 10 ಗುರುತು ಆಯಿತು.

ಈಗ ಒಂದು ಲೆಕ್ಕ ಮಾಡೋಣ. ಈ ತಂತಿಯ ವೇಗವನ್ನು ನಾವೇ ಗೊತ್ತುಮಾಡಬಹುದು. ಸೆಕೆಂಡಿಗೆ 9600 ಗುರುತು ಅಂತ ಇಟ್ಟರೆ 960 ಬೈಟ್ ಹೋಗುತ್ತದೆ. ಒಂದು ಫ್ಲಾಪಿ ತುಂಬ ಇರುವ ಬರಹ ಹೋಗಲು 25 ನಿಮಿಷದ ಮೇಲೆ ಬೇಕು. 19200 ಅಂತ ಇಟ್ಟರೆ 13 ನಿಮಿಷ ಸಾಕು. 115200 ಅಂತ ಇಟ್ಟರೆ ಎರಡು ನಿಮಿಷ, ಮೇಲೆ ಒಂದಿಷ್ಟು ಸೆಕೆಂಡು. ಹಾಗಾದರೆ ಎಲ್ಲಕ್ಕಿಂತ ಜೋರಾದ ವೇಗವನ್ನೇ ಇಡೋಣ ಅಂತೀರಾ? ಬಹಳ ಹಳೇ ಕಂಪ್ಯೂಟರಿಗೆ ಅದು ಹಿಡಿಸುವುದಿಲ್ಲ. ಬಂದ ಬೈಟನ್ನು ಎತ್ತಿ ಇಡುವುದರೊಳಗೆ ಇನ್ನೊಂದು ಬಂದು ಬೀಳುತ್ತದೆ. ಮೊದಲಿನದು ಹಾಳಾಗುತ್ತದೆ. ಆದ್ದರಿಂದ ಮೊದಲು 19200 ಇಟ್ಟು ನೋಡಿ. ಸಂಘದ ಲೆಕ್ಕದಂಥ ಬರಹಕ್ಕೆ ಅದು ಧಾರಾಳ ಸಾಕು. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ದೊಡ್ಡ ಫೋಟೋ ಈ ವೇಗದಲ್ಲಿ ಹೋಗಲು ಅರ್ಧ ಗಂಟೆಯೇ ಬೇಕಾದೀತು. ಆದರೆ ಆ ಕಾಲದ ಫೈಲುಗಳು ಸಣ್ಣವು.

ಬಾಯಿಗೆ ಕಿವಿ

ಹಳೇ ಕಂಪ್ಯೂಟರಿನ ಬೆನ್ನು ನೋಡಿ. ಅಲ್ಲಿ ಹಲವು ಬಾಯಿಗಳಿವೆ. ನಮಗೆ ಬೇಕಾದದ್ದರಲ್ಲಿ 9 ಸಣ್ಣ ಮುಳ್ಳುಗಳು ಇರುತ್ತವೆ. ಮೇಲಿನ ಸಾಲಿನಲ್ಲಿ 5, ಕೆಳಗಿನ ಸಾಲಿನಲ್ಲಿ 4. ಇದಕ್ಕೆ ಸೀರಿಯಲ್ ಪೋರ್ಟ್ ಅಂತ ಹೆಸರು. 15 ತೂತು ಇರುವುದು ಪರದೆಗೆ. 25 ತೂತು ಇರುವ ಉದ್ದನೆಯದು ಪ್ರಿಂಟರಿಗೆ. ಎಣಿಸಿಯೇ ನೋಡಿ. ಈಗ ಅಂಕೆ ಓದಲು ಬರುತ್ತದಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ಎರಡನೆಯ ಕಂಪ್ಯೂಟರು ಯಾವುದು? ಅದಕ್ಕೂ ಈ 9 ಮುಳ್ಳಿನ ಬಾಯಿ ಇರಬೇಕು. ಜೊತೆಗೆ ಪೆನ್ ಡ್ರೈವ್ ಹಾಕುವ ಜಾಗವೂ ಇರಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಆಮೇಲಿನ ಕೆಲವು ವರ್ಷಗಳಲ್ಲಿ ಮನೆಗಳಿಗೆ ಬಂದ ಬಹಳಷ್ಟು ಕಂಪ್ಯೂಟರುಗಳಲ್ಲಿ ಎರಡೂ ಇವೆ. ನಾವು ಹೇಳಿದ ಸಂಘದಲ್ಲಿ ಇನ್ನೊಬ್ಬ ಸದಸ್ಯೆಯ ಮನೆಯಲ್ಲಿ ಅಂಥದ್ದೊಂದು ಇತ್ತು. ಅದೂ ಹಳೆಯದೇ. ಆದರೆ ಹೊಳೆ ದಾಟಲು ನಡುವಿನ ಕಲ್ಲಿದ್ದ ಹಾಗೆ. ತೀರಾ ಹಳೆಯದರಿಂದ ತಂತಿಯಲ್ಲಿ ಇದಕ್ಕೆ, ಇದರಿಂದ ಪೆನ್ ಡ್ರೈವ್‌ಗೆ. ಅಂಥದ್ದು ಸಿಗದಿದ್ದರೆ ಈಗಿನ ಲ್ಯಾಪ್‌ಟಾಪಿಗೆ ಹಾಕುವ ಒಂದು ಸಣ್ಣ ಜೋಡಣೆ ಅಂಗಡಿಯಲ್ಲಿ ಸಿಗುತ್ತದೆ. "ಯುಎಸ್‌ಬಿ ಇಂದ ಸೀರಿಯಲ್‌ಗೆ" ಅಂತ ಕೇಳಬೇಕು.

ಇನ್ನು ತಂತಿ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ನೋಡಲು ಒಂದೇ ತರಹ ಇರುವ ಎರಡು ಬಗೆ ತಂತಿಗಳಿವೆ. ಒಂದು ನೇರ ತಂತಿ. ಇನ್ನೊಂದು ಅಡ್ಡ ತಂತಿ.

9 ಮುಳ್ಳುಗಳಲ್ಲಿ 3ನೆಯದು ಕಂಪ್ಯೂಟರಿನ ಬಾಯಿ. ಅದರಿಂದ ಮಾತು ಹೊರಗೆ ಹೋಗುತ್ತದೆ. 2ನೆಯದು ಕಿವಿ. ಅದರಿಂದ ಮಾತು ಒಳಗೆ ಬರುತ್ತದೆ. 5ನೆಯದು ಇಬ್ಬರಿಗೂ ನೆಲ ಇದ್ದ ಹಾಗೆ. ಎರಡೂ ಕಂಪ್ಯೂಟರುಗಳಿಗೆ ಬಾಯಿ 3, ಕಿವಿ 2. ನೇರ ತಂತಿ ಹಾಕಿದರೆ ಏನಾಗುತ್ತದೆ? ಇವಳ ಬಾಯಿಗೆ ಅವಳ ಬಾಯಿ ಕಟ್ಟಿದ ಹಾಗೆ. ಇವಳ ಕಿವಿಗೆ ಅವಳ ಕಿವಿ. ಇಬ್ಬರೂ ಮಾತಾಡುತ್ತಾರೆ, ಇಬ್ಬರಿಗೂ ಕೇಳಿಸುವುದಿಲ್ಲ! ಅಡ್ಡ ತಂತಿಯಲ್ಲಿ ಈ ತುದಿಯ 3 ಆ ತುದಿಯ 2ಕ್ಕೆ ಸೇರುತ್ತದೆ. ಈ ತುದಿಯ 2 ಆ ತುದಿಯ 3ಕ್ಕೆ. 5 ಮಾತ್ರ 5ಕ್ಕೇ.

ಅಂಗಡಿಯಲ್ಲಿ ಇದನ್ನು 'ನಲ್ ಮೋಡೆಮ್ ಕೇಬಲ್' ಅಂತ ಕೇಳಿ. ಎರಡೂ ತುದಿಯಲ್ಲಿ ತೂತುಗಳೇ ಇರಬೇಕು, ಯಾಕೆಂದರೆ ಮುಳ್ಳು ಕಂಪ್ಯೂಟರಿನಲ್ಲಿದೆ. ದುಡ್ಡು ಕೊಡುವ ಮೊದಲು ಮೀಟರ್ ಇಟ್ಟು ತೋರಿಸಲು ಹೇಳಿ. 2ರಿಂದ 3ಕ್ಕೆ ದಾರಿ ಇದೆಯಾ, 5ರಿಂದ 5ಕ್ಕೆ ದಾರಿ ಇದೆಯಾ, ಇಷ್ಟೇ. "ನಿಮಗೇನು ಗೊತ್ತಮ್ಮಾ" ಅಂದರೆ, ಈ ಪುಟ ತೋರಿಸಿ.

ತಂತಿ ಹಾಕುವ ಮೊದಲು

ಇದನ್ನು ಮಾತ್ರ ಮರೆಯಬೇಡಿ. ಎರಡೂ ಕಂಪ್ಯೂಟರುಗಳನ್ನು ಪೂರ್ತಿ ಆಫ್ ಮಾಡಿ, ಆಮೇಲೆ ತಂತಿ ಸಿಕ್ಕಿಸಿ. ಎರಡನ್ನೂ ಒಂದೇ ಸ್ವಿಚ್ ಬೋರ್ಡಿಗೆ ಹಾಕಿ. ಯಾಕೆ ಗೊತ್ತಾ? ನಮ್ಮ ಎಷ್ಟೋ ಮನೆಗಳಲ್ಲಿ ಪ್ಲಗ್ಗಿನ ಮೂರನೆಯ ತೂತಿಗೆ ಅರ್ಥಿಂಗ್ ಇರುವುದೇ ಇಲ್ಲ. ಕಂಪ್ಯೂಟರಿನ ತಗಡಿನ ಮೈ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಆ ಕರೆಂಟು 5ನೇ ತಂತಿಯಲ್ಲಿ ಹರಿದು ಇನ್ನೊಂದು ಕಂಪ್ಯೂಟರಿನ ಬಾಯನ್ನು ಸುಟ್ಟುಬಿಡಬಹುದು. ಕೈ ಜುಮ್ ಅಂದರೆ ಕೆಲಸ ನಿಲ್ಲಿಸಿ. ವೈರಿಂಗ್ ಮಾಡುವವರನ್ನು ಕರೆಸಿ ಅರ್ಥಿಂಗ್ ಸರಿ ಮಾಡಿಸಿ. ಆ ಕೆಲಸ ಕಂಪ್ಯೂಟರಿಗಿಂತ ಮನೆಯ ಮಕ್ಕಳಿಗೇ ಹೆಚ್ಚು ಮುಖ್ಯ.

ಎರಡೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇರಲಿ. ತಂತಿ ಉದ್ದವಾದಷ್ಟೂ ಮಾತು ಮಸುಕಾಗುತ್ತದೆ.

ಓದಿ ಹೇಳುವವಳು, ಬರೆದುಕೊಳ್ಳುವವಳು

ಎರಡೂ ಕಡೆ ಒಂದೇ ಕೆಲಸಗಾರ ಬೇಕು. ವಿಂಡೋಸ್ 95, 98, ಎಕ್ಸ್‌ಪಿ ಮೂರರಲ್ಲೂ 'ಹೈಪರ್ ಟರ್ಮಿನಲ್' ಅಂತ ಒಂದು ಪ್ರೋಗ್ರಾಮು ಬರುತ್ತಿತ್ತು. ಅದು 'ಅಕ್ಸೆಸರೀಸ್' ಅನ್ನುವ ಪಟ್ಟಿಯೊಳಗೆ ಇರುತ್ತದೆ. ಅದನ್ನು ತೆರೆದರೆ ಹೆಸರು ಕೇಳುತ್ತದೆ. ಸಂಘದ ಹೆಸರನ್ನೇ ಕೊಡಿ. ಫೋನ್ ನಂಬರು ಕೇಳಿದರೆ ಗಾಬರಿ ಬೇಡ. ಅಲ್ಲೇ ಕೆಳಗೆ 'ಕಾಮ್ 1' ಅಂತ ಇರುವುದನ್ನು ಆರಿಸಿ. ಆಮೇಲೆ ವೇಗ ಕೇಳುತ್ತದೆ. ಎರಡೂ ಕಡೆ 19200 ಇರಲಿ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇದ್ದರೆ ಪರದೆಯ ತುಂಬ ಕಸ ಬರುತ್ತದೆ. ಉಳಿದದ್ದರಲ್ಲಿ 8, ನನ್, 1 ಅಂತ ಇರಲಿ. ಕೊನೆಯದು 'ಫ್ಲೋ ಕಂಟ್ರೋಲ್'. ತಂತಿಯಲ್ಲಿ ಮೂರೇ ಎಳೆ ಇದ್ದರೆ ಅದಕ್ಕೂ ನನ್.

ಈಗ ಇಲ್ಲಿ ಒಂದು ಅಕ್ಷರ ಒತ್ತಿ. ಪಕ್ಕದ ಕಂಪ್ಯೂಟರಿನ ಪರದೆಯ ಮೇಲೆ ಅದು ಮೂಡುತ್ತದೆ! ಅಲ್ಲಿಂದ ಇನ್ನೊಬ್ಬರು ಒತ್ತಿದರೆ ಇಲ್ಲಿ ಮೂಡುತ್ತದೆ. ಮೂಡದಿದ್ದರೆ ತಂತಿ ನೇರದ್ದು ಇರಬೇಕು, ಇಲ್ಲವೇ 'ಕಾಮ್ 2' ಆರಿಸಬೇಕು.

ಅಕ್ಷರ ಹೋಯಿತು ಅಂದ ಮಾತ್ರಕ್ಕೆ ಲೆಕ್ಕ ಸರಿಯಾಗಿ ಹೋಗುತ್ತದೆ ಅಂತ ನಂಬುವುದು ಹೇಗೆ? ನೂರರಲ್ಲಿ ಒಂದು ಸೊನ್ನೆ ಬಿದ್ದುಹೋದರೆ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಿಮ್ಮ ಸಂಘದಲ್ಲೇ ಇದೆ.

ಒಬ್ಬಳು ಪುಸ್ತಕ ಓದಿ ಹೇಳುತ್ತಾಳೆ. ಇನ್ನೊಬ್ಬಳು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. "20, 50, 20, 10, 30. ಒಟ್ಟು 130." ಬರೆದುಕೊಂಡವಳು ತನ್ನದನ್ನು ಕೂಡುತ್ತಾಳೆ. ಇಪ್ಪತ್ತನ್ನು ಎಪ್ಪತ್ತು ಅಂತ ಕೇಳಿಸಿಕೊಂಡಿದ್ದರೆ ಅವಳ ಮೊತ್ತ 180 ಬರುತ್ತದೆ. "ಇನ್ನೊಂದು ಸಲ ಹೇಳಕ್ಕಾ" ಅನ್ನುತ್ತಾಳೆ. ಸರಿ ಬಂದರೆ "ಹೂಂ, ಮುಂದೆ" ಅನ್ನುತ್ತಾಳೆ. ಹೂಂ ಅನ್ನುವವರೆಗೂ ಓದುವವಳು ಮುಂದಿನ ಸಾಲಿಗೆ ಹೋಗುವುದಿಲ್ಲ.

ಕಂಪ್ಯೂಟರು ಮಾಡುವುದೂ ಇದನ್ನೇ. ಅಮೆರಿಕದ ಶಿಕಾಗೋ ಊರಿನ ವಾರ್ಡ್ ಕ್ರಿಸ್ಟೆನ್‌ಸೆನ್ ಅನ್ನುವವರು 1977ರಲ್ಲಿ ಇಂಥ ಒಂದು ಕ್ರಮ ಬರೆದರು. ಅದರ ಹೆಸರು ಎಕ್ಸ್‌ಮೋಡೆಮ್. ಫೈಲನ್ನು 128 ಬೈಟ್‌ಗಳ ಕಂತು ಮಾಡುವುದು. ಪ್ರತಿ ಕಂತಿಗೂ ನಂಬರು ಕೊಡುವುದು. ಕೊನೆಗೆ ಕೂಡಿದ ಮೊತ್ತದ ಒಂದು ಗುರುತು ಇಡುವುದು. ಆ ಕಡೆಯವರು ಕೂಡಿ ನೋಡಿ ಹೂಂ ಅನ್ನಬೇಕು, ಇಲ್ಲವೇ ಇನ್ನೊಮ್ಮೆ ಅನ್ನಬೇಕು. ಇನ್ನೊಂದು ಮಾತು ನಮಗೆ ಬಹಳ ಹಿಡಿಸಿತು. ಇದರಲ್ಲಿ ಕಳಿಸುವವನು ತಾನಾಗಿ ಶುರು ಮಾಡುವುದಿಲ್ಲ. ಬರೆದುಕೊಳ್ಳುವವನು "ನಾನು ಸಿದ್ಧ, ಹೇಳು" ಅನ್ನಬೇಕು. ಪೆನ್ನು ಹುಡುಕುತ್ತಿರುವಾಗಲೇ ಓದಲು ಶುರು ಮಾಡುವವರು ಇದನ್ನು ಕಲಿಯಬೇಕು!

ಈ ಕ್ರಮದಲ್ಲೂ ಒಂದು ಕೊರತೆ ಇದೆ. 20, 50 ಅನ್ನುವುದನ್ನು 50, 20 ಅಂತ ಹಿಂದುಮುಂದು ಬರೆದರೂ ಮೊತ್ತ ಒಂದೇ. ತಪ್ಪು ಸಿಕ್ಕುವುದಿಲ್ಲ. ಒಬ್ಬಳ ಹಣ ಇನ್ನೊಬ್ಬಳ ಹೆಸರಿಗೆ ಹೋಗುತ್ತದೆ. ಅದಕ್ಕೆ ಆಮೇಲೆ ಬಂದವರು ಯಾವುದು ಯಾವ ಜಾಗದಲ್ಲಿದೆ ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿದರು. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಅನ್ನುವವರು ಝಡ್‌ಮೋಡೆಮ್ ಬರೆದರು. ಅದರಲ್ಲಿ ಇಂಥ ಬಿಗಿಯಾದ ಪರೀಕ್ಷೆ ಇದೆ. ಫೈಲಿನ ಹೆಸರೂ ಜೊತೆಗೆ ಹೋಗುತ್ತದೆ. ಮಧ್ಯೆ ನಿಂತುಹೋದರೆ ಬಿಟ್ಟಲ್ಲಿಂದ ಮುಂದುವರಿಸಲೂ ಬರುತ್ತದೆ. ನಮ್ಮಲ್ಲಿ ಕರೆಂಟು ಹೋಗುವುದು ಗೊತ್ತಲ್ಲ. ಹೈಪರ್ ಟರ್ಮಿನಲ್‌ನಲ್ಲಿ ಎರಡೂ ಇವೆ. ನೀವು ಝಡ್‌ಮೋಡೆಮ್ ಆರಿಸಿ.

ಮೇಲೆ 'ಟ್ರಾನ್ಸ್‌ಫರ್' ಅಂತ ಇದೆ. ಒಂದು ಕಡೆ 'ರಿಸೀವ್', ಇನ್ನೊಂದು ಕಡೆ 'ಸೆಂಡ್'. ಫೈಲು ಆರಿಸಿ ಒತ್ತಿದರೆ ಎಷ್ಟು ಹೋಯಿತು ಅಂತ ಪರದೆ ತೋರಿಸುತ್ತಾ ಇರುತ್ತದೆ. ಹಳೆಯದರಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತದೆ. ಹೋಗುವುದು ನಕಲು ಮಾತ್ರ. ಈ ಕೆಲಸ ಆಗುವಾಗ ಸಂಘದ ಇಬ್ಬರು ಅಲ್ಲೇ ಕೂತಿರಿ. ಗೊತ್ತಿರುವ ಹುಡುಗನನ್ನು ಸಹಾಯಕ್ಕೆ ಕರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಕಂಪ್ಯೂಟರನ್ನೇ ಹೊತ್ತು ಅಂಗಡಿಗೆ ಕೊಟ್ಟು ಬರಬೇಡಿ. "ಫಾರ್ಮ್ಯಾಟ್ ಮಾಡಿದೆ ಆಂಟಿ, ಈಗ ಫಾಸ್ಟ್ ಆಗಿದೆ" ಅಂತ ನಗುತ್ತಾ ಹಿಂದೆ ಕೊಡುತ್ತಾರೆ. ಫಾರ್ಮ್ಯಾಟ್ ಅಂದರೆ ಸ್ಲೇಟು ಒರೆಸಿದ ಹಾಗೆ.

ಕನ್ನಡ ಎಲ್ಲಿ ಹೋಯಿತು?

ಫೈಲು ಬಂತು. ತೆರೆದು ನೋಡಿದರೆ ಕನ್ನಡವೇ ಇಲ್ಲ! ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಇರುವ ಎ, ಮಧ್ಯೆ ಬ್ರಿಟನ್ ದೇಶದ ಪೌಂಡ್ ಹಣದ ಗುರುತು. ಎಲ್ಲಾ ಕಲಸುಮೇಲೋಗರ. "ಫೈಲು ಕೆಟ್ಟುಹೋಗಿದೆ" ಅಂತ ಅಳಿಸಿಬಿಡುತ್ತಾರೆ. ಅಳಿಸಬೇಡಿ. ಅದು ಕೆಟ್ಟಿಲ್ಲ.

ಹಿಂದೆ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ತನ್ನದೇ ಜಾಗ ಇರಲಿಲ್ಲ. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಇವು ಬಂದ ಮೇಲೆ ಸಾವಿರಾರು ಜನ ಮನೆಯಲ್ಲೇ ಕನ್ನಡ ಬರೆದರು. ಆದರೆ ಆಗ ಅವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ಪಿ ಅನ್ನುವ ಜಾಗದಲ್ಲಿ ಕಕಾರದ ತುಂಡು, ಗೀಟಿನ ಎ ಜಾಗದಲ್ಲಿ ತಲೆಕಟ್ಟು. ಎರಡೂ ಸೇರಿದರೆ 'ಕ'. ಹೀಗೆ ತೋರಿಸುತ್ತಿದ್ದದ್ದು ಫಾಂಟ್ ಅನ್ನುವ ಬೇರೆ ಫೈಲು. ಲೆಕ್ಕದ ಫೈಲು ಬಂತು, ಫಾಂಟು ಹಳೇ ಮನೆಯಲ್ಲೇ ಉಳಿಯಿತು. ಕನ್ನಡಕ ಬಿಟ್ಟು ಬಂದ ಅಜ್ಜಿಯ ಹಾಗೆ ಆಯಿತು.

ಆದ್ದರಿಂದ ಹಳೇ ಕಂಪ್ಯೂಟರಿನ 'ವಿಂಡೋಸ್' ಒಳಗಿನ 'ಫಾಂಟ್ಸ್' ಅನ್ನುವ ಚೀಲದಿಂದ ಕನ್ನಡ ಫಾಂಟುಗಳನ್ನೂ ಅದೇ ತಂತಿಯಲ್ಲಿ ಕಳಿಸಿಕೊಳ್ಳಿ. ಈ ಕಡೆಯ ಫಾಂಟ್ಸ್ ಚೀಲಕ್ಕೆ ಹಾಕಿ. ಅಕ್ಷರ ಮತ್ತೆ ಕಣ್ಣಿಗೆ ಬೀಳುತ್ತದೆ. ಆಮೇಲೆ ಅದನ್ನು ಯೂನಿಕೋಡ್‌ಗೆ ಬದಲಿಸಿ. ಯೂನಿಕೋಡ್ ಅಂದರೆ ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವಂತ ನಂಬರು. 1991ರಲ್ಲೇ ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಮನೆಗಳಿಗೆ ತಲುಪಲು ಬಹಳ ವರ್ಷ ಹಿಡಿಯಿತು. ಬದಲಿಸುವ ಸಾಧನ ಬರಹದಲ್ಲೂ ಇದೆ, ನುಡಿಯಲ್ಲೂ ಇದೆ. ಬದಲಿಸಿದ ಮೇಲೆ ನಿಮ್ಮ ಮೊಬೈಲಿನಲ್ಲೂ ಓದಬಹುದು.

ಆ ಸಂಘದ ಲೆಕ್ಕ ಹೀಗೆ ಹೊರಗೆ ಬಂತು. ಬಾಕಿ ಅಂದಿದ್ದ ಎರಡು ಕಂತುಗಳಲ್ಲಿ ಒಂದು ಕಟ್ಟಿದ್ದು ತಾರೀಖು ಸಮೇತ ಅಲ್ಲಿ ಇತ್ತು. ಇನ್ನೊಂದು ಇರಲಿಲ್ಲ. ಬರೆಯದೇ ಇದ್ದದ್ದನ್ನು ಕಂಪ್ಯೂಟರು ಎಲ್ಲಿಂದ ತರುತ್ತದೆ? ಒಂದರ ಜಗಳ ಅಲ್ಲಿಗೆ ಮುಗಿಯಿತು. ಇನ್ನೊಂದಕ್ಕೆ ಆ ದಿನ ಸಭೆಯಲ್ಲಿ ಇದ್ದವರನ್ನು ಕೇಳಬೇಕಾಯಿತು.

ಗುಜರಿಗೆ ಕೊಡುವ ಮೊದಲು

ಹಳೇ ಕಂಪ್ಯೂಟರು ಚಾಲೂ ಆಗದೇ ಇದ್ದರೆ ಈ ತಂತಿಯಿಂದ ಉಪಯೋಗ ಇಲ್ಲ. ಆಗ ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿಸಿ, ಅದಕ್ಕೆಂದೇ ಇರುವ ಜೋಡಣೆಯಿಂದ ಬೇರೆ ಕಂಪ್ಯೂಟರಿಗೆ ಹಾಕಿಸಿ ನೋಡಬೇಕು. ಅದು ಗೊತ್ತಿದ್ದವರ ಕೆಲಸ.

ಫೈಲು ಬಂದ ಮೇಲೆ ಹಳೆಯದರ ಪರದೆ ಮತ್ತು ಈ ಕಡೆಯ ಪರದೆ ಎರಡನ್ನೂ ಎದುರಿಗೆ ಇಟ್ಟುಕೊಂಡು ನಾಲ್ಕಾರು ಪುಟ ಹೋಲಿಸಿ ಓದಿ. ಎರಡು ಪೆನ್ ಡ್ರೈವ್‌ಗೆ ನಕಲು ಮಾಡಿ, ಇಬ್ಬರ ಮನೆಯಲ್ಲಿ ಇಡಿ. ಮುಖ್ಯವಾದ ಪುಟಗಳನ್ನು ಕಾಗದದಲ್ಲಿ ಪ್ರಿಂಟ್ ತೆಗೆಸಿ, ಸಭೆಯಲ್ಲಿ ಓದಿ ಎಲ್ಲರ ಸಹಿ ಮಾಡಿಸಿ.

ಆಮೇಲೂ ಕಂಪ್ಯೂಟರನ್ನು ಹಾಗೇ ಗುಜರಿಗೆ ಕೊಡಬೇಡಿ. ಯಾರ ಸಾಲ ಎಷ್ಟು, ಯಾರು ಕಂತು ತಪ್ಪಿಸಿದರು ಅನ್ನುವುದೆಲ್ಲ ಅದರೊಳಗೇ ಇದೆ. ನಾಲ್ಕು ತಿರುಪು ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದಿಡಿ. ನಮ್ಮ ಅಂಗೈ ಅಗಲದ ಲೋಹದ ಡಬ್ಬಿ ಅದು. ಬಟ್ಟೆಯಲ್ಲಿ ಸುತ್ತಿ, ಸಂಘದ ಹೆಸರು, ತಾರೀಖು ಬರೆದ ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿ ಇಡಿ. ಸೋರದ ಕಡೆ ಇಡಿ. ಉಳಿದ ತಗಡು ಬೇಕಾದರೆ ಗುಜರಿಗೆ ಹೋಗಲಿ.